ಮರಳು ತುಂಬಿದ ದೋಣಿ

ಜನವರಿ ೧೪

ಪ್ರೀತಿಯ ಅಣ್ಣ,

ಫೋನು ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ಫೋನಿನಲ್ಲಿ ನಾನೊಂದು ವಾಕ್ಯವನ್ನು ಆರಂಭಿಸಿ ಅದರ ಕೊನೆ ಮುಟ್ಟುವುದರೊಳಗೆ ನೀನು ಎರಡು ಸಲಹೆಯನ್ನೂ ಒಂದು ತಮಾಷೆಯನ್ನೂ ಮುಗಿಸಿ, ಫೋನನ್ನು ಅಮ್ಮನ ಕೈಗೆ ಕೊಟ್ಟಿರುತ್ತೀಯ. ಕಾಗದ ನಡುವೆ ಬಾಯಿ ಹಾಕುವುದಿಲ್ಲ.

ಮೊದಲ ಸುದ್ದಿ: ಈ ಸಲವೂ ತರಗತಿಗೆ ನಾನೇ ಮೊದಲು. ಅಮ್ಮನಿಗೆ ತಿಳಿಸು. ಮೇಲಿನ ಮಹಡಿಯವರಿಗೆಲ್ಲ ಹೇಳಿಕೊಂಡು ಬರಬೇಡವೆಂದೂ ತಿಳಿಸು.

ಎರಡನೆಯದು ನಿನಗೆ ಹೆಚ್ಚು ರುಚಿಸುವಂಥದು. ನಮ್ಮ ವಿಶ್ವವಿದ್ಯಾಲಯದ ದೋಣಿ ಕ್ಲಬ್ಬಿನಲ್ಲಿ ಈ ವರ್ಷ ಹೆಂಗಸರಿಗೂ ನಾಲ್ವರ ತಂಡವೊಂದನ್ನು ಕಟ್ಟಿದ್ದಾರೆ. ನಾಯಕಿ ನಾನು. ನನ್ನೆದುರು ಕೂರುವವಳು ನರ್ಸಿಂಗ್ ಓದುವ ಹುಡುಗಿ, ನಮ್ಮೆಲ್ಲರಿಗಿಂತ ಎತ್ತರ, ಆದ್ದರಿಂದ ಉದ್ದಕ್ಕ. ಬೆನ್ನ ಹಿಂದೆ ಕೂರುವವಳು ನೀರಿನಲ್ಲೂ ದಡದಲ್ಲೂ ಒಂದೇ ಸಮನೆ ಗೊಣಗುತ್ತಾಳೆ, ಆದ್ದರಿಂದ ಗೊಣಗಿ. ನಾಲ್ಕನೆಯವಳು ಬೇಕರಿಯವರ ಮಗಳು. ಬೆಳಗಿನ ಬ್ರೆಡ್ಡನ್ನು ಒಲೆಗೆ ತಳ್ಳಿಯೇ ಬರುವುದರಿಂದ ಅವಳೊಬ್ಬಳ ಕೈ ಮಾತ್ರ ಬೆಚ್ಚಗಿರುತ್ತದೆ.

ನಮಗೆ ಕೊಟ್ಟಿರುವುದು ನಿನ್ನ ‘ಗಂಡುಗಲಿ’ಯನ್ನು. ನೀನೂ ನಿನ್ನ ಮೂವರು ಗೆಳೆಯರೂ ಕಪ್ ಗೆದ್ದ ಅದೇ ದೋಣಿ. ಬಟ್ಟೆ ಬದಲಾಯಿಸಲು ಕೊಟ್ಟಿರುವುದು ಹಳೆಯ ಹಗ್ಗ ಮತ್ತು ತೇಲುಜಾಕೆಟ್ಟುಗಳನ್ನು ನೇತುಹಾಕುವ ಉಗ್ರಾಣ. ಬಾಗಿಲಿಗೆ ಚಿಲಕವಿಲ್ಲದ ಕಾರಣ ಒಬ್ಬಳು ಬದಲಾಯಿಸುವಾಗ ಇನ್ನೊಬ್ಬಳು ಬೆನ್ನು ಕೊಟ್ಟು ನಿಲ್ಲುತ್ತಾಳೆ. ಹೊಳೆಯ ನೀರು ಕನ್ನಡಿಯಂತಿರುವ ಹೊತ್ತು ಹುಡುಗರದು. ಅವರು ಮೇಲೆ ಬಂದು ಚಹಾ ಕುಡಿಯತೊಡಗಿದಾಗ ಗಾಳಿ ಏಳುತ್ತದೆ, ಆಗ ನಾವು ಇಳಿಯುತ್ತೇವೆ.

ಒಂದು ವಿಶೇಷ. ‘ಗಂಡುಗಲಿ’ಯನ್ನು ನಿಮ್ಮಂಥ ನಾಲ್ಕು ಆಳುಗಳ ತೂಕಕ್ಕೆ ಕಟ್ಟಿದ್ದಾರೆ. ನಾವು ಕೂತರೆ ಅದು ನೀರಿಗೆ ಸಾಕಷ್ಟು ಇಳಿಯುವುದಿಲ್ಲ. ಹುಟ್ಟು ಕೂರಿಸುವ ಕಬ್ಬಿಣದ ತೋಳುಗಳನ್ನು ನಿಮ್ಮ ಎತ್ತರಕ್ಕೆ ಬೆಸುಗೆ ಹಾಕಿರುವುದರಿಂದ ತಗ್ಗಿಸುವಂತಿಲ್ಲ. ಹುಟ್ಟು ನೀರನ್ನು ಹಿಡಿಯದೆ ಮೇಲೆ ಮೇಲೆ ಸವರಿಕೊಂಡು ಹೋಗುತ್ತದೆ. ಕೋಚ್ ಸರ್ ಇದಕ್ಕೊಂದು ಉಪಾಯ ಹುಡುಕಿದ್ದಾರೆ. ಪ್ರತಿ ಸೀಟಿನ ಕೆಳಗೂ ಮರಳು ತುಂಬಿದ ಚೀಲಗಳನ್ನು ಕಟ್ಟುತ್ತೇವೆ. ನೀವು ನಾಲ್ವರು ನಮಗಿಂತ ಎಷ್ಟು ಹೆಚ್ಚು ತೂಗುತ್ತಿದ್ದಿರೋ ಅಷ್ಟು ಮರಳು. ಆಗ ದೋಣಿ ಸರಿಯಾಗಿ ಕೂರುತ್ತದೆ. ನಾವು ಅದನ್ನೂ ಎಳೆದುಕೊಂಡು ಹೋಗುತ್ತೇವೆ. ಪರೀಕ್ಷೆಯಲ್ಲಿ ತೇಲುವ ವಸ್ತುಗಳ ಮೇಲೊಂದು ಪ್ರಶ್ನೆಯಿತ್ತು. ನನಗೆ ಪೂರ್ತಿ ಅಂಕ ಬಂದಿದೆ.

ಏಪ್ರಿಲ್‌ನಲ್ಲಿ ಪ್ರಾಂತ್ಯದ ಸ್ಪರ್ಧೆ. ಅದರಲ್ಲಿ ಮೊದಲು ಬಂದ ತಂಡ ಮಾತ್ರ ರಾಷ್ಟ್ರಮಟ್ಟಕ್ಕೆ ಹೋಗುತ್ತದೆ. ಅದಕ್ಕೂ ಮುಂಚೆ, ಮಾರ್ಚ್‌ನಲ್ಲಿ, ಕ್ಲಬ್ಬು ಒಂದು ಹೊಸ ದೋಣಿ ಕೊಳ್ಳಲಿದೆಯಂತೆ. ಯಾವ ತಂಡಕ್ಕೆಂದು ಹಳೆಯ ಆಟಗಾರರ ಸಮಿತಿ ನಿರ್ಧರಿಸುತ್ತದೆಯಂತೆ. ಆ ಸಮಿತಿಯಲ್ಲಿ ನೀನಿದ್ದೀಯ. ನಾನು ಶಿಫಾರಸು ಕೇಳುತ್ತಿಲ್ಲ. ಸುದ್ದಿ ತಿಳಿಸುತ್ತಿದ್ದೇನೆ.

ನಿನ್ನ ತಂಗಿ


ಜನವರಿ ೨೫

ಕಡ್ಡೀ,

ನಿನ್ನ ಕಾಗದ ನೋಡಿ ಕೆಲಸಕ್ಕೆ ಹೋಗೋದೇ ಮರೆತೆ. ‘ಗಂಡುಗಲಿ’ ಇನ್ನೂ ಬದುಕಿದೆಯಾ! ಅದನ್ನ ಯಾವತ್ತೋ ಸೌದೆ ಮಾಡಿರ್ತಾರೆ ಅಂದುಕೊಂಡಿದ್ದೆ. ನೀನು ಯಾವ ಸೀಟು? ಮೂರನೆಯದಾದರೆ ಅದು ನನ್ನದು. ಸೀಟಿನ ಕೆಳಗೆ ಕೈ ಹಾಕಿ ತಡವಿ ನೋಡು, ಚಾಕುವಿನಲ್ಲಿ ಕೊರೆದ ಒಂದು ಮೀನು ಸಿಗುತ್ತದೆ. ಕಪ್ ಗೆದ್ದ ದಿನ ಕೊರೆದದ್ದು. ಯಾರಿಗೂ ಹೇಳಿರಲಿಲ್ಲ, ಕ್ಲಬ್ಬಿನವರು ಕಿವಿ ಹಿಂಡುತ್ತಿದ್ದರು.

ಆ ದೋಣಿಯ ಗುಣ ಒಂದು ತಿಳಿದುಕೋ. ಶುರುವಿನಲ್ಲಿ ಎಮ್ಮೆ ಥರ ಹಟ ಮಾಡುತ್ತದೆ. ಒಂದು ಸಲ ಎದ್ದಿತು ಅಂದರೆ ನಿಲ್ಲಿಸೋಕೆ ಆಗಲ್ಲ. ನಾವು ಕಣ್ಣು ಮುಚ್ಚಿಕೊಂಡು ಹುಟ್ಟು ಹಾಕುತ್ತಿದ್ದೆವು, ಅಷ್ಟು ನಂಬಿಕೆ. ನೀನೂ ಕೂರುತ್ತೀಯಲ್ಲ ಅದರಲ್ಲಿ, ನನಗೆ ಅದೇ ದೊಡ್ಡ ಸಂತೋಷ. ಅಣ್ಣನ ಸೀಟು ತಂಗಿಗೆ.

ಇಲ್ಲಿ ಎಲ್ಲ ಕ್ಷೇಮ. ಲಿಫ್ಟ್ ಕಂಪನಿಯಲ್ಲಿ ಈಗ ನನ್ನ ಕೈಕೆಳಗೆ ಇಬ್ಬರು. ಮೊನ್ನೆ ಒಂದು ಹಳೇ ಕಟ್ಟಡದ ಲಿಫ್ಟಿನಲ್ಲಿ ವಕೀಲರೊಬ್ಬರು ಸಿಕ್ಕಿಹಾಕಿಕೊಂಡು, ಒಳಗಿಂದಲೇ ನನ್ನ ಮೇಲೆ ಕೇಸು ಹಾಕ್ತೀನಿ ಅಂತ ಕೂಗಾಡಿದರು. ‘ಹಾಕಿ ಸಾರ್, ಮೊದ್ಲು ಹೊರಗೆ ಬನ್ನಿ’ ಅಂದೆ. ಬಂದಮೇಲೆ ಚಹಾ ಕುಡಿಸಿ ಕಳಿಸಿದರು.

ಅಮ್ಮನಿಗೆ ನಿನ್ನ ಕಾಗದ ಪೂರ್ತಿ ಓದಿ ಹೇಳಿದೆ. ಏನೋ ಕೇಳಿದಳು, ಅಷ್ಟರಲ್ಲಿ ಕುಕ್ಕರ್ ಕೂಗಿತು. ಮೊದಲ ಸ್ಥಾನದ ಸುದ್ದಿ ಮೇಲಿನ ಮಹಡಿಗೆ ಹೋಗಲಿಲ್ಲ. ಕೆಳಗಿನ ಮಹಡಿಯಿಂದ ಶುರು ಮಾಡಿದಳು.

ನಿನ್ನ ಅಣ್ಣ


ಫೆಬ್ರವರಿ ೬

ಅಣ್ಣ,

ಮೀನು ಸಿಕ್ಕಿತು. ಮೂರನೆಯ ಸೀಟು ನನ್ನದೇ. ಮೀನಿನ ಬಾಲ ಸ್ಪಷ್ಟವಾಗಿದೆ. ತಲೆಯ ಭಾಗವನ್ನು ಮರಳಿನ ಚೀಲ ಉಜ್ಜಿ ಉಜ್ಜಿ ಸವೆಸಿದೆ.

ನಿನ್ನ ಕಾಗದದಲ್ಲಿ ಮರಳಿನ ಮಾತು ಇರಲಿಲ್ಲ. ಬಹುಶಃ ಜಾಗ ಸಾಲಲಿಲ್ಲ.

ಅಭ್ಯಾಸ ನಡೆದಿದೆ. ಕೈಗಳ ವಿಷಯ ಅಮ್ಮನಿಗೆ ಹೇಳಬೇಡ. ಮೊದಲ ವಾರ ಬೊಕ್ಕೆ ಎದ್ದು ಒಡೆದವು, ಎರಡನೆಯ ವಾರ ಉರಿದವು, ಈಗ ಏನೂ ಇಲ್ಲ. ಉದ್ದಕ್ಕ ನರ್ಸಿನ ಗಾಂಭೀರ್ಯದಿಂದ ನನ್ನ ಅಂಗೈಗೆ ಸೂಜಿ ಚುಚ್ಚಿ, ‘ಗೊತ್ತಾಗ್ತಿದ್ಯಾ?’ ಎಂದು ಕೇಳಿದಳು. ಗೊತ್ತಾಗಲಿಲ್ಲ. ತರಗತಿಯಲ್ಲಿ ಪೆನ್ನು ಹಿಡಿದಾಗ ಹಿಡಿದಿದ್ದೇನೋ ಬಿಟ್ಟಿದ್ದೇನೋ ಎಂದು ಕಣ್ಣಿನಿಂದ ನೋಡಿ ತಿಳಿದುಕೊಳ್ಳುತ್ತೇನೆ.

ಪ್ರತಿದಿನ ನೀರಿಗಿಳಿಯುವ ಮೊದಲು ಚೀಲಗಳನ್ನು ಉಗ್ರಾಣದಿಂದ ಹೊತ್ತು ತಂದು ಕಟ್ಟಬೇಕು, ಮೇಲೆ ಬಂದಮೇಲೆ ಬಿಚ್ಚಿ ಹೊತ್ತು ಇಡಬೇಕು. ಮರಳು ತುಂಬಿದ ದೋಣಿಯನ್ನು ಭುಜದ ಮೇಲೆತ್ತಿದರೆ ಅದರ ಬೆನ್ನು ಮುರಿಯುತ್ತದೆ. ಹುಡುಗರ ತಂಡದವರು ಕಟ್ಟೆಯ ಮೇಲೆ ಕಾಲು ಚಾಚಿ ಚಹಾ ಕುಡಿಯುತ್ತಾ ನೋಡುತ್ತಾರೆ. ಅವರಲ್ಲೊಬ್ಬ ಮೊನ್ನೆ, ‘ಏನಮ್ಮ, ಮನೆ ಕಟ್ಟಿಸ್ತಿದೀರಾ? ದಿನಾ ಮರಳು ಹೊರ್ತೀರಲ್ಲ’ ಎಂದ. ಗೊಣಗಿ ನಿಂತು ನಿಧಾನವಾಗಿ ಉತ್ತರಿಸಿದಳು: ‘ಹೌದಣ್ಣ. ಮೊದ್ಲು ನಿಮಗೊಂದು ಗೋರಿ, ಮಿಕ್ಕಿದ್ರೆ ಮನೆ.’ ಅವರೆಲ್ಲ ನಕ್ಕರು, ಕೆಟ್ಟವರಲ್ಲ ಅವರು. ಒಬ್ಬ ಎದ್ದು ಬಂದು ಒಂದು ಚೀಲ ಹೊತ್ತೂ ಕೊಟ್ಟ. ಹೊತ್ತವನು ಅದನ್ನು ಕೆಳಗಿಟ್ಟು, ‘ಇಷ್ಟು ಇಟ್ಕೊಂಡು ಹೇಗ್ರೀ ಹೋಗ್ತೀರಾ?’ ಎಂದು ಕೇಳಿದ, ಉತ್ತರಕ್ಕೆ ಕಾಯದೆ ಚಹಾಕ್ಕೆ ಮರಳಿದ.

ಕ್ಲಬ್ಬಿನ ಕಾರ್ಯದರ್ಶಿಗಳನ್ನು ನಾವು ನಾಲ್ವರೂ ಹೋಗಿ ಕಂಡೆವು. ಅವರ ಕೋಣೆಯ ಗೋಡೆಯಲ್ಲಿ ನಿನ್ನ ಚಿತ್ರವಿದೆ, ಕಪ್ ಹಿಡಿದು, ಬಾಯಿ ತೆರೆದು. ನಮ್ಮ ಅಳತೆಯ ದೋಣಿ ಬೇಕೆಂದೆವು. ಅವರು ಬಹಳ ಸೌಜನ್ಯದಿಂದ, ‘ಮೊದ್ಲು ಗೆದ್ದು ತೋರ್ಸಿ, ಆಮೇಲೆ ಕೇಳಿ. ಹುಡುಗ್ರೂ ಹಾಗೇ ತಗೊಂಡಿದ್ದು’ ಎಂದರು. ಹುಡುಗರು ಗೆದ್ದದ್ದು ಹುಡುಗರ ತೂಕದ ದೋಣಿಯಲ್ಲಿ ಎಂದು ನಾನು ನೆನಪಿಸಿದೆ. ಅವರು ನಿನ್ನ ಚಿತ್ರದ ಕಡೆ ಕೈ ತೋರಿಸಿ, ಅಂಥ ಅಣ್ಣನ ತಂಗಿ ನೆಪ ಹೇಳಬಾರದು ಎಂದರು. ಈಜು ಬಂದಮೇಲೆ ನೀರಿಗಿಳಿ ಎನ್ನುವ ಬುದ್ಧಿವಾದ ಇದು.

ಆದ್ದರಿಂದ ಕೇಳುತ್ತಿದ್ದೇನೆ. ನಾನು ನಿನ್ನನ್ನು ಏನನ್ನೂ ಕೇಳಿದವಳಲ್ಲ. ಸೈಕಲ್ ಕಲಿಯುವಾಗಲೂ ಹಿಂದೆ ಹಿಡಿದುಕೋ ಎಂದಿರಲಿಲ್ಲ. ಹುಡುಗರಿಗೆ ಆಗಲೇ ಎರಡು ಒಳ್ಳೆಯ ದೋಣಿಗಳಿವೆ. ಹೊಸದು ನಮ್ಮ ಅಳತೆಯದಾಗಿರಲಿ, ನಮಗೆ ಬರಲಿ ಎಂದು ಸಮಿತಿಯಲ್ಲಿ ಹೇಳು. ಇದು ಈಗ ಆಗದಿದ್ದರೆ ಇನ್ನು ಹತ್ತು ವರ್ಷ ಕ್ಲಬ್ಬು ದೋಣಿ ಕೊಳ್ಳುವುದಿಲ್ಲ. ಅಷ್ಟರಲ್ಲಿ ನಾವು ಅಜ್ಜಿಯರಾಗದಿದ್ದರೂ ಆಟಗಾರ್ತಿಯರಂತೂ ಆಗಿರುವುದಿಲ್ಲ. ಮರಳಿಲ್ಲದೆ ನಾವು ಗೆಲ್ಲುತ್ತೇವೆ. ಇದು ಹೆಮ್ಮೆಯ ಮಾತಲ್ಲ, ಲೆಕ್ಕ ಹಾಕಿದ್ದೇನೆ.

ನಿನ್ನ ತಂಗಿ


ಫೆಬ್ರವರಿ ೧೫

ಕಡ್ಡೀ,

ಇಷ್ಟು ದೊಡ್ಡ ಪೀಠಿಕೆ ಯಾಕೆ? ನಾನಿದ್ದೀನಲ್ಲ. ಮಾರ್ಚ್ ಮೊದಲ ಭಾನುವಾರ ಸಭೆ, ರಜೆ ಹಾಕಿದ್ದೇನೆ. ಹಳಬರೆಲ್ಲ ನನ್ನ ಮಾತು ಕೇಳುತ್ತಾರೆ. ಕೆಲಸ ಆಯಿತು ಅಂತಲೇ ತಿಳಿದುಕೋ.

ಅಮ್ಮ ಬೆಚ್ಚನೆಯ ಕೈಗವಸು ಹೆಣೆಯುತ್ತಿದ್ದಾಳೆ. ಗವಸು ಹಾಕಿಕೊಂಡು ಹುಟ್ಟು ಹಿಡಿಯಲ್ಲ ಅಂದರೆ ಕೇಳುತ್ತಿಲ್ಲ.

ನಿನ್ನ ಅಣ್ಣ


ಮಾರ್ಚ್ ೯

ನನ್ನ ಮುದ್ದು ಕಡ್ಡಿ,

ಸಭೆ ಮುಗಿಸಿ ನಿನ್ನನ್ನು ನೋಡದೆ ಓಡಿಬಂದದ್ದಕ್ಕೆ ಬೈಯಬೇಡ, ರೈಲು ತಪ್ಪುತ್ತಿತ್ತು. ಏನಾಯಿತು ಅಂತ ಮೊದಲಿಂದ ಹೇಳುತ್ತೇನೆ.

ನಾನು ನಿಮ್ಮ ಪರವಾಗಿಯೇ ಎದ್ದೆ. ಹೊಸ ದೋಣಿ ಹುಡುಗಿಯರಿಗೆ ಕೊಡಿ ಅಂತ ಶುರು ಮಾಡಿದೆ. ಅಷ್ಟರಲ್ಲಿ ಕಾರ್ಯದರ್ಶಿಗಳು ಒಂದು ವಿಷಯ ಹೊರಗೆ ಹಾಕಿದರು. ಹುಡುಗಿಯರಿಗೆ ಹೊಸದು ಕೊಟ್ಟರೆ ‘ಗಂಡುಗಲಿ’ಗೆ ಕೆಲಸ ಇರಲ್ಲವಂತೆ. ಹೊಳೆದಂಡೆಯ ಹೋಟೆಲಿನವನು ಅದನ್ನ ಕೇಳಿದ್ದಾನಂತೆ. ತಲೆಕೆಳಗು ಮಾಡಿ ಚಾವಣಿಗೆ ನೇತುಹಾಕಿ, ಒಳಗೆ ದೀಪ ಬಿಟ್ಟು, ಕೆಳಗೆ ಜನ ಕೂತು ಸೂಪು ಕುಡಿಯೋಕೆ. ಯೋಚನೆ ಮಾಡು ಕಡ್ಡೀ, ನನ್ನ ಮೀನಿನ ಕೆಳಗೆ ಯಾವನೋ ಸೂಪು ಹೀರುತ್ತಾನೆ!

ಆಮೇಲೆ ನಾನು ಹೇಗೆ ಮಾತಾಡಿದೆ ಅಂತ ನನಗೇ ಗೊತ್ತಿಲ್ಲ. ಆ ದೋಣಿ ಬರೀ ಮರ ಅಲ್ಲ, ಅದರಲ್ಲಿ ಈಗ ನನ್ನ ತಂಗಿ ಕೂರುತ್ತಾಳೆ, ನಾನು ಬೆವರು ಸುರಿಸಿದ ಸೀಟಿನಲ್ಲೇ ಕೂರುತ್ತಾಳೆ, ಅದನ್ನ ಅವಳಿಂದ ಕಿತ್ತುಕೊಳ್ಳಬೇಡಿ ಅಂದೆ. ಹಿರಿಯರೊಬ್ಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಕೂತಲ್ಲೇ ಎಲ್ಲರೂ ಕೈ ಎತ್ತಿದರು. ‘ಗಂಡುಗಲಿ’ಯನ್ನ ಮಾರುವ ಹಾಗಿಲ್ಲ. ಇನ್ನು ಮೇಲೆ ಅದು ಹೆಂಗಸರ ತಂಡದ ಸ್ವಂತ ಆಸ್ತಿ, ಯಾರೂ ಮುಟ್ಟುವ ಹಾಗಿಲ್ಲ. ಹೊಸ ಬಣ್ಣ ಹೊಡೆಸುತ್ತಾರೆ. ಹೆಸರು ಬದಲಾಯಿಸೋಣ ಅಂತ ನಾನೇ ಸೂಚಿಸಿದೆ. ಏನು ಹೆಸರು ಗೊತ್ತಾ? ‘ತಂಗಿ’. ಚಪ್ಪಾಳೆ ನಿಲ್ಲಲಿಲ್ಲ.

ಹೊಸದು ಹುಡುಗರಿಗೆ ಹೋಯಿತು. ಮುಂದಿನ ಸಲ ನೋಡೋಣ ಅಂದಿದ್ದಾರೆ.

ಸ್ಪರ್ಧೆಗೆ ಖಂಡಿತ ಬರುತ್ತೇನೆ.

ನಿನ್ನ ಅಣ್ಣ


ಮಾರ್ಚ್ ೧೯

ಅಣ್ಣ,

ಕಾಗದ ತಲುಪಿತು. ಅಮ್ಮನ ಗವಸುಗಳೂ ತಲುಪಿದವು, ಚೆನ್ನಾಗಿವೆ. ಗ್ರಂಥಾಲಯದಲ್ಲಿ ಹಾಕಿಕೊಳ್ಳುತ್ತೇನೆ.

ದೋಣಿಗೆ ಬಣ್ಣ ಹೊಡೆದಿದ್ದಾರೆ. ಒಣಗಿದೆ.

ಕಡ್ಡಿ


ಏಪ್ರಿಲ್ ೪

ಅಣ್ಣ,

ನೀನು ಎರಡು ಸಲ ಫೋನು ಮಾಡಿದೆಯೆಂದು ಹಾಸ್ಟೆಲಿನ ಮೇಲ್ವಿಚಾರಕಿ ಹೇಳಿದರು. ಕೋಪವೇ ಎಂದು ಕೇಳಿದೆಯಂತೆ. ಕೋಪವಿಲ್ಲ. ಕೋಪ ಬರಲೆಂದು ಒಂದು ವಾರ ಕಾದೆ, ಬರಲಿಲ್ಲ. ಕೈಗೆ ಆದದ್ದೇ ಬೇರೆಡೆಗೂ ಹಬ್ಬಿದೆಯೆಂದು ತೋರುತ್ತದೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಪಾಠ ತಲೆಗೆ ಹೋಗುತ್ತದೆ. ನಿನ್ನೆ ಪ್ರಾಧ್ಯಾಪಕರು ನನ್ನ ಉತ್ತರವನ್ನು ತರಗತಿಗೆಲ್ಲ ಓದಿ ಹೇಳಿದರು. ಬೇರೆ ಯಾರದೋ ಉತ್ತರವೆಂಬಂತೆ ಕೇಳಿಸಿಕೊಂಡೆ.

ನಾಮಕರಣದ ಸಮಾರಂಭದ ವರದಿ ನಿನಗೆ ಬೇಕಿರಬಹುದು. ಕಟ್ಟೆಯ ಮೇಲೆ ಎರಡೂ ದೋಣಿಗಳನ್ನು ಪಕ್ಕಪಕ್ಕ ಇಟ್ಟಿದ್ದರು. ಹುಡುಗರ ಹೊಸ ದೋಣಿಯನ್ನು ಇಬ್ಬರೇ ಎತ್ತಿದರು. ನಮ್ಮದನ್ನು ನಾವು ನಾಲ್ವರೂ ಎತ್ತಿದೆವು, ಅದೂ ಮರಳಿಲ್ಲದಾಗ. ಕಾರ್ಯದರ್ಶಿಗಳು ನಿನ್ನ ಭಾಷಣದ ಒಂದು ಭಾಗವನ್ನು ನೆನಪಿನಿಂದ ಹೇಳಿದರು, ಚೆನ್ನಾಗಿಯೇ ಹೇಳಿದರು. ಅಣ್ಣ ತಂಗಿಯರೆಂದರೆ ಹೀಗಿರಬೇಕು ಎಂದು ಮುಗಿಸಿದರು. ನನಗೊಂದು ಹೂಗುಚ್ಛ ಕೊಟ್ಟರು. ಹಿಡಿದುಕೊಂಡೆ.

ಬಣ್ಣದವನು ಒಂದೇ ಪದರ ಹೊಡೆದಿದ್ದಾನೆ. ದೋಣಿ ಒಣಗಿದ್ದಾಗ ‘ತಂಗಿ’ ಎಂದು ಮಾತ್ರ ಕಾಣುತ್ತದೆ. ನೀರು ಬಿದ್ದೊಡನೆ ಕೆಳಗಿನಿಂದ ‘ಗಂಡುಗಲಿ’ ಎದ್ದು ಬರುತ್ತದೆ. ಗೊಣಗಿ ಅದನ್ನು ನೋಡಿ, ‘ಇಳೀತಿದ್ದ ಹಾಗೇ ಅಣ್ಣ ಹಾಜರು’ ಎಂದಳು. ಬೇಕರಿಯವರ ಮಗಳು ನಕ್ಕು ನಕ್ಕು ಕಟ್ಟೆಯ ಮೇಲೆ ಕೂತುಬಿಟ್ಟಳು. ನಾನೂ ನಕ್ಕೆ, ಅವರು ನಕ್ಕಿದ್ದರಿಂದ.

ಕಬ್ಬಿಣದ ತೋಳುಗಳು ಹಾಗೆಯೇ ಇವೆ. ಮರಳೂ ಹಾಗೆಯೇ ಇದೆ. ಹೊಸ ಬಣ್ಣ ಕೆಡದಿರಲೆಂದು ಚೀಲಗಳ ಕೆಳಗೆ ಹಳೆಯ ಟವೆಲ್ ಹಾಸಬೇಕೆಂದು ಸೂಚನೆ ಬಂದಿದೆ.

ಸ್ಪರ್ಧೆ ಇಪ್ಪತ್ತಕ್ಕೆ. ಹೆಂಗಸರ ಓಟವನ್ನು ಊಟದ ಹೊತ್ತಿಗೆ ಇಟ್ಟಿದ್ದಾರೆ, ಆಗ ಗಾಳಿ ಹೆಚ್ಚು. ಬರಬೇಡವೆಂದು ನಾನು ಹೇಳುವುದಿಲ್ಲ. ಬರುವುದಾದರೆ ಟೋಪಿ ತಾ.

ಕಡ್ಡಿ


ಏಪ್ರಿಲ್ ೨೪

ಕಡ್ಡಿ,

ಮೂರು ಸಲ ಬರೆದು ಹರಿದೆ. ನೀನು ಅಲ್ಲೇ ಇದ್ದೆ, ನಿನಗೆ ಗೊತ್ತಿರೋದನ್ನೇ ಮತ್ತೆ ಬರೆಯುತ್ತಿದ್ದೇನೆ. ಬರೆದರೆ ನನಗೆ ಅರ್ಥವಾಗುತ್ತದೇನೋ ಅಂತ.

ನಾನು ಮುಗಿಯುವ ಕಂಬದ ಹತ್ತಿರವೇ ನಿಂತಿದ್ದೆ. ಸುತ್ತ ಜನವಿರಲಿಲ್ಲ, ಎಲ್ಲರೂ ಊಟದ ಪೊಟ್ಟಣ ಹಿಡಿದು ನೆರಳಿಗೆ ಹೋಗಿದ್ದರು. ತೀರ್ಪುಗಾರರಲ್ಲೊಬ್ಬರು ಬಾಳೆಹಣ್ಣು ಸುಲಿಯುತ್ತಿದ್ದರು. ನೀವು ತಿರುವಿನಲ್ಲಿ ಕಂಡಾಗ ಎಲ್ಲರಿಗಿಂತ ಮುಂದಿದ್ದಿರಿ. ನಾನು ‘ತಂಗೀ, ತಂಗೀ’ ಅಂತ ಕೂಗಿದೆ. ಬಾಳೆಹಣ್ಣಿನವರು ನಾನು ದೋಣಿಯ ಹೆಸರು ಕೂಗುತ್ತಿದ್ದೇನೆ ಅಂದುಕೊಂಡು ತಾವೂ ಕೂಗಿದರು. ಆಮೇಲೆ ಆ ನೀಲಿ ದೋಣಿ ಬಂತು. ಅವರು ನಿಮಗಿಂತ ಗಟ್ಟಿಯಾಗಿ ಎಳೆಯುತ್ತಿರಲಿಲ್ಲ, ಅದು ನನಗೆ ಕಾಣುತ್ತಿತ್ತು. ಅವರ ದೋಣಿ ನೀರಿನ ಮೇಲೆ ಓಡುತ್ತಿತ್ತು. ನಿಮ್ಮದು ನೀರಿನೊಳಗೆ ಉಳುತ್ತಿತ್ತು. ದೋಣಿಯ ಮೂತಿಯಷ್ಟು ಅಂತರದಲ್ಲಿ ಗೆಲುವು ಹೋಯಿತು.

ಎರಡನೇ ಸ್ಥಾನ ಸಣ್ಣದಲ್ಲ ಅಂತ ಹೇಳೋಕೆ ಕಟ್ಟೆಗೆ ಓಡಿಬಂದೆ. ನೀವು ಮೂವರು ಇಳಿದು ನಿಂತಿದ್ದಿರಿ, ಉದ್ದಕ್ಕ ಒಬ್ಬಳು ಕೂತೇ ಇದ್ದಳು, ಅವಳ ಬೆರಳು ಹುಟ್ಟಿನಿಂದ ಬಿಡುತ್ತಿರಲಿಲ್ಲ. ನೀನು ಒಂದೊಂದೇ ಬೆರಳು ಬಿಡಿಸುತ್ತಿದ್ದೆ. ನಾನು ಏನಾದರೂ ಮಾಡೋಣ ಅಂತ ದೋಣಿಯ ಮೂತಿ ಹಿಡಿದು ಎತ್ತಿದೆ. ಏಳಲಿಲ್ಲ. ನಾನು ಆ ದೋಣಿಯನ್ನ ನೂರಾರು ಸಲ ಎತ್ತಿದ್ದೇನೆ, ಕಡ್ಡಿ. ಅದರ ಭಾರ ನನ್ನ ಭುಜಕ್ಕೆ ಗೊತ್ತು. ನೀರು ನುಗ್ಗಿದೆ ಅಂದುಕೊಂಡು ಒಳಗೆ ಬಗ್ಗಿದೆ. ಟವೆಲ್ಲಿನ ಮೇಲೆ ಚೀಲಗಳು, ಮಗುವನ್ನ ಮಲಗಿಸಿದ ಹಾಗೆ.

‘ಇದೇನೇ ಇದು?’ ಅಂದೆ.

ನೀನು ತಲೆ ಎತ್ತದೆ, ಉದ್ದಕ್ಕನ ಕೈ ಹಿಡಿದುಕೊಂಡೇ ಹೇಳಿದೆ: ‘ಅದು ನೀವು ನಾಲ್ಕು ಜನ.’

ಅಷ್ಟೇ. ನಾನು ಚೀಲಗಳನ್ನ ಬಿಚ್ಚಿ ಒಂದೊಂದಾಗಿ ಉಗ್ರಾಣಕ್ಕೆ ಹೊತ್ತೆ. ಮೂರನೇ ಸೀಟಿನದನ್ನ ಎತ್ತಿದಾಗ ಅದರ ಕೆಳಗೆ ನನ್ನ ಮೀನು ಇರಲಿಲ್ಲ. ಬಾಲವೂ ಹೋಗಿದೆ. ಆ ಚೀಲ ಕೈಯಲ್ಲೇ ಇತ್ತು. ಯಾವಾಗ ಕಟ್ಟೆ ಬಿಟ್ಟೆನೋ, ಹೇಗೆ ನಿಲ್ದಾಣಕ್ಕೆ ಬಂದೆನೋ. ರೈಲಿನಲ್ಲಿ ಎದುರು ಕೂತಿದ್ದ ಹೆಂಗಸು ‘ಅಕ್ಕಿನಾ?’ ಅಂತ ಕೇಳಿದಾಗಲೇ ನೋಡಿಕೊಂಡದ್ದು.

ಮನೆಗೆ ಬಂದು ನಿನ್ನ ಜನವರಿಯ ಕಾಗದ ತೆಗೆದು ಓದಿದೆ. ಎಲ್ಲ ಬರೆದಿದ್ದೀಯ. ಪೂರ್ತಿ ಬರೆದಿದ್ದೀಯ. ನಾನು ದಿನಾ ಲಿಫ್ಟಿಗೆ ಎದುರುತೂಕ ಕಟ್ಟುವವನು. ಯಾವ ಕಡೆ ಎಷ್ಟು ಭಾರ ಅಂತ ನೋಡೋದೇ ನನ್ನ ಅನ್ನ. ಆವತ್ತು ಕುಕ್ಕರ್ ಕೂಗಿದಾಗ ಅಮ್ಮ ಏನು ಕೇಳಿದ್ದಳು ಗೊತ್ತಾ? ಈಗ ನೆನಪಾಯಿತು. ‘ಇಲ್ದಿರೋ ಗಂಡಸರ ಭಾರ ಇವರ್ಯಾಕೋ ಹೊರ್ಬೇಕು?’ ಅಂತ. ತಮಾಷೆಗೆ ಬರೆದಿದ್ದಾಳೆ ಬಿಡಮ್ಮ ಅಂದಿದ್ದೆ.

ನಾನು ಸಮಿತಿಗೆ ರಾಜೀನಾಮೆ ಕೊಡುತ್ತೇನೆ. ಇಲ್ಲ ಅಂದರೆ ಮುಂದಿನ ಸಭೆಯಲ್ಲಿ ಎದ್ದು ನಿಂತು ಎಲ್ಲ ಹೇಳುತ್ತೇನೆ, ಅತ್ತುಬಿಡುತ್ತೇನೆ ಬೇಕಾದರೆ. ಚೀಲ ನನ್ನ ಮೇಜಿನ ಮೇಲಿದೆ. ಅದು ಅಲ್ಲೇ ಇರಲಿ, ದಿನಾ ನೋಡಬೇಕು ನಾನು.

ಒಂದು ಮಾತು. ಮಾರ್ಚಿನಿಂದ ನೀನು ಕಾಗದದ ಕೊನೆಗೆ ‘ತಂಗಿ’ ಅಂತ ಬರೆಯೋದು ಬಿಟ್ಟಿದ್ದೀಯ.

ನಿನ್ನ ಅಣ್ಣ


ಮೇ ೨

ಅಣ್ಣ,

ನೀನು ಟೋಪಿ ತಂದಿರಲಿಲ್ಲ. ಕಟ್ಟೆಯ ಮೇಲೆ ನಿನ್ನ ಕಿವಿಗಳು ಕೆಂಪಗಾಗಿದ್ದದ್ದನ್ನು ನೋಡಿದೆ. ಆ ದಿನ ನಾನು ಸ್ಪಷ್ಟವಾಗಿ ನೋಡಿದ ವಸ್ತು ಅದೊಂದೇ.

ನಿನಗೆ ದಡದಿಂದ ಕಂಡದ್ದು ನಮಗೆ ಕಂಡಿರಲಿಲ್ಲ. ದೋಣಿಯಲ್ಲಿ ನಾವು ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತೇವೆ, ನಿನಗೆ ಮರೆತಿರಲಾರದು. ಹಿಂದೆ ಬಿದ್ದ ಮೂರು ದೋಣಿಗಳು ನಮ್ಮ ಕಣ್ಣೆದುರಿಗಿದ್ದವು. ಪಕ್ಕದಲ್ಲಿ ನೀಲಿಯೊಂದು ಸರಿದು ಬೆನ್ನ ಹಿಂದೆ ಹೋಯಿತು, ಆಮೇಲೆ ಅದಿಲ್ಲ. ಕಣ್ಣಿಗೆ ಕಾಣುವವರೆಲ್ಲರನ್ನೂ ಸೋಲಿಸಿ ನಾವು ಮುಗಿಸಿದೆವು. ಬೇಕರಿಯವರ ಮಗಳು, ‘ಗೆದ್ವಾ?’ ಎಂದು ಕೇಳಿದಳು. ಉತ್ತರಿಸಲು ಕತ್ತು ತಿರುಗಿಸಬೇಕಿತ್ತು, ಅದು ಯಾರಿಗೂ ಆಗಲಿಲ್ಲ.

ಹುಡುಗರ ಓಟದ ಹೊತ್ತಿಗೆ ನೀನು ರೈಲಿನಲ್ಲಿದ್ದೆ. ಹೊಸ ದೋಣಿಯಲ್ಲಿ ಅವರು ನಾಲ್ಕನೆಯವರಾದರು. ಗೆದ್ದು ತೋರಿಸಿ ಎಂದು ಅವರಿಗೆ ಯಾರೂ ಹೇಳಲಿಲ್ಲ. ಹೊಸ ದೋಣಿ ಪಳಗಲು ಸಮಯ ಬೇಕು ಎಂದರು. ಅದು ನಿಜವೂ ಹೌದು.

ಮರುದಿನ ನನಗೆ ಪರೀಕ್ಷೆಯಿತ್ತು. ಬರೆದೆ. ಪೆನ್ನು ಎರಡು ಸಲ ಕೈಯಿಂದ ಜಾರಿ ಬಿದ್ದಿತು, ಬಿದ್ದ ಸದ್ದಿನಿಂದ ತಿಳಿಯಿತು. ಎರಡನೆಯ ಸಲ ಎತ್ತಿಕೊಟ್ಟ ಮೇಲ್ವಿಚಾರಕರು ಹುಷಾರಿಲ್ಲವೇ ಎಂದು ಕೇಳಿದರು. ಹುಷಾರಾಗಿದ್ದೇನೆ ಎಂದೆ. ಮೊದಲ ಸ್ಥಾನ ಬರುತ್ತದೆ.

ನಿನ್ನ ಮಾತುಗಳಿಗೆ ಕ್ರಮವಾಗಿ ಉತ್ತರಿಸುತ್ತೇನೆ.

ರಾಜೀನಾಮೆ ಕೊಡಬೇಡ. ನೀನು ಎದ್ದುಹೋದ ಕುರ್ಚಿಯಲ್ಲಿ ಬಂದು ಕೂರುವವನಿಗೆ ಈ ದೋಣಿಯಲ್ಲಿ ತಂಗಿಯೂ ಇರುವುದಿಲ್ಲ.

ಸಭೆಯಲ್ಲಿ ಮಾತನಾಡಬೇಡ. ನೀನು ಬಹಳ ಚೆನ್ನಾಗಿ ಮಾತನಾಡುತ್ತೀಯ. ಅಳಲೂ ಬೇಡ, ನೀನು ಅತ್ತರೆ ಅವರೂ ಅಳುತ್ತಾರೆ, ಎಲ್ಲರಿಗೂ ಹಗುರಾಗುತ್ತದೆ, ದೋಣಿಯನ್ನು ಬಿಟ್ಟು. ಜೂನ್‌ನಲ್ಲಿ ಸಮಿತಿ ಮತ್ತೆ ಸೇರುತ್ತದೆಂದು ತಿಳಿಯಿತು. ಹೆಂಗಸರ ತಂಡದ ನಾಯಕಿಯನ್ನು ಒಳಗೆ ಕರೆಯಿರಿ ಎಂದು ಒಂದೇ ಒಂದು ವಾಕ್ಯ ಹೇಳಿ ಕೂತುಕೋ. ನಾನು ಮಾತನಾಡುವಾಗ ನಡುವೆ ಯಾರಾದರೂ ಬಾಯಿ ಹಾಕಿದರೆ ತಡೆ. ನೀನೇ ಹಾಕಿದರೂ ತಡೆ. ಹುಡುಗರ ಎರಡು ಹಳೆಯ ದೋಣಿಗಳಲ್ಲಿ ಹಗುರಾದದ್ದಕ್ಕೆ ಹೊಸ ತೋಳುಗಳನ್ನು ಹಾಕಿದರೆ ನಮಗಾಗುತ್ತದೆ. ಲೆಕ್ಕ ಸಿದ್ಧವಿದೆ. ಕೊಡುತ್ತಾರೆಂದು ನಾನು ನಂಬಿಲ್ಲ. ಇಲ್ಲವೆನ್ನುವುದಾದರೆ ನನ್ನ ಮುಖ ನೋಡಿ ಇಲ್ಲವೆನ್ನಲಿ.

ಉದ್ದಕ್ಕನ ಬೆರಳುಗಳು ಸರಿಯಾಗಿವೆ. ಗೊಣಗಿ ಇನ್ನು ಬರುವುದಿಲ್ಲ ಎಂದು ಹೇಳಿ ಹೋದಳು, ಎರಡು ದಿನ ಬರಲಿಲ್ಲ, ಮೂರನೆಯ ದಿನ ಬಂದು ತಡವಾಯಿತೆಂದು ನಮ್ಮನ್ನೇ ಬೈದಳು.

ಅಮ್ಮನಿಗೆ ಹೇಳು, ಅವಳ ಪ್ರಶ್ನೆಯನ್ನು ನಾನು ಸಭೆಯಲ್ಲಿ ಕೇಳುತ್ತೇನೆ, ಅವಳ ಮಾತಿನಲ್ಲೇ.

ಕೊನೆಯದಾಗಿ, ಚೀಲ. ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ನೋಡುವುದು ನನಗೆ ಒಪ್ಪಿಗೆಯಿಲ್ಲ. ಅದು ನನ್ನ ಸೀಟಿನದು. ಅದಿಲ್ಲದೆ ನಿನ್ನೆ ನೀರಿಗಿಳಿದೆವು. ದೋಣಿ ಹಿಂಬದಿ ಎದ್ದು ಮುಗ್ಗರಿಸುತ್ತಾ ಹೋಯಿತು. ಹೊಳೆಯಲ್ಲಿ ಮರಳಿಗೇನು ಬರ, ಇನ್ನೊಂದನ್ನು ತುಂಬಿಸಿಕೊಳ್ಳಬಹುದಿತ್ತು. ತುಂಬಿಸಲಿಲ್ಲ.

ಮುಂದಿನ ಸೋಮವಾರದಿಂದ ಪೂರ್ತಿ ಅಭ್ಯಾಸ ಮತ್ತೆ ಶುರು. ಅದರೊಳಗೆ ಕಳಿಸು. ಅಂಚೆಯವರು ಭಾರ ಹೆಚ್ಚಾಯಿತೆಂದರೆ ನೀನೇ ಹೊತ್ತು ತಾ.

ಕಡ್ಡಿ